ಅಂಟಿನ ಸೀಸೆಯ ಬಾಯಿ

ಮರಗೆಲಸದ ಕೋಣೆಯಲ್ಲಿ ಉಳಿಗೆ ಸಲ್ಲುವ ಮರ್ಯಾದೆ ಅಂಟಿಗೆ ಸಲ್ಲುವುದಿಲ್ಲ. ಉಳಿಯನ್ನು ಸಾಣೆಗೆ ಹಿಡಿಯುತ್ತಾರೆ, ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಗರಗಸದ ಹಲ್ಲು ಮೊಂಡಾದರೆ ಅರದಿಂದ ತಿದ್ದಿ ಚೂಪು ಮಾಡುತ್ತಾರೆ. ಆಯುಧಪೂಜೆಯಂದು ಅವೆಲ್ಲಕ್ಕೂ ಅರಿಶಿನ ಕುಂಕುಮ ಏರಿ, ಚೆಂಡುಹೂವಿನ ಮಾಲೆ ಬಿದ್ದು, ಧೂಪದ ಹೊಗೆ ಸೋಕುತ್ತದೆ. ಅಂದೂ ಅಂಟಿನ ಸೀಸೆ ಮೇಜಿನ ಕಾಲ ಬಳಿ, ಬಾಯಿಯ ಸುತ್ತ ಹಳದಿಗಟ್ಟಿದ ಗಂಟನ್ನು ಹೊತ್ತು, ಪೂಜೆಯ ಲೆಕ್ಕಕ್ಕೆ ಸೇರದೆ ನಿಂತಿರುತ್ತದೆ. ಆದರೆ ಕೆಲಸ ಮುಗಿದು ಮನೆ ಸೇರಿದ ಪೆಟ್ಟಿಗೆಯೊಳಗೆ ಉಳಿಯೂ ಇರುವುದಿಲ್ಲ, ಗರಗಸವೂ ಇರುವುದಿಲ್ಲ. ಮಳೆಗಾಲದಲ್ಲಿ ಉಬ್ಬುವ, ಬೇಸಿಗೆಯಲ್ಲಿ ಕುಗ್ಗುವ ಹಲಗೆಗಳನ್ನು ಮೂವತ್ತು ನಲವತ್ತು ವರ್ಷಕಾಲ ಬಿಡದೆ ಹಿಡಿದುಕೊಂಡು ಆ ಮರದೊಳಗೇ ಉಳಿಯತಕ್ಕದ್ದು ಅಂಟೊಂದೇ. ಅಂಥ ಪದಾರ್ಥವನ್ನು ಬಳಕೆಯ ಗಳಿಗೆಯವರೆಗೆ ಕೆಡದಂತೆ ಕಾಪಾಡುವ ಬಗೆ, ಅದರಲ್ಲೂ ಸೀಸೆಯ ಬಾಯಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವ ಬಗೆ, ಮರಗೆಲಸಕ್ಕೆ ಹೊರಗಿನ ಒಂದು ಚಿಲ್ಲರೆ ಚಿಂತೆಯೆಂದು ನನಗೆ ಎಂದೂ ಅನಿಸಿಲ್ಲ. ಉಳಿಯನ್ನು ಮಸೆಯುವುದು ಎಷ್ಟರಮಟ್ಟಿಗೆ ಆ ಕಸುಬಿನ ಅಂಗವೋ ಇದೂ ಅಷ್ಟರಮಟ್ಟಿಗೆ ಅದರ ಅಂಗವೇ.

ನಾನಿರುವ ಪೆರುಂಗುಡಿ ಈ ವಿದ್ಯೆಯನ್ನು ಅಭ್ಯಾಸ ಮಾಡಲು ತಕ್ಕ ಸ್ಥಳ. 2011ರಲ್ಲಿ ಚೆನ್ನೈ ನಗರಪಾಲಿಕೆಗೆ ಸೇರುವವರೆಗೆ ಇದು ತನ್ನದೇ ಪಂಚಾಯತಿಯುಳ್ಳ ಊರಾಗಿತ್ತು. ಈಗ ಮಹಾಬಲಿಪುರದ ಹಳೆಯ ರಸ್ತೆಯುದ್ದಕ್ಕೂ ಗಾಜಿನ ಮಹಡಿಗಳು ಎದ್ದು ನಿಂತಿವೆಯಾದರೂ, ಒಳಬೀದಿಗಳಿಗೆ ತಿರುಗಿದರೆ ಕೈಗಾರಿಕಾ ವಸಾಹತಿನ ತಗಡಿನ ಸೂರುಗಳು, ಲೇತಿನ ಸದ್ದು, ಪ್ಲೈವುಡ್ ಕೊಯ್ಯುವ ಯಂತ್ರದ ಕಿರಿಚು ಇನ್ನೂ ಉಳಿದಿವೆ. ಪೂರ್ವಕ್ಕೆ ಬಕಿಂಗ್‌ಹ್ಯಾಮ್ ಕಾಲುವೆ, ಅದರಾಚೆ ಪಾಲವಾಕ್ಕಂ, ಅದರಾಚೆ ಸಮುದ್ರ. ಪಶ್ಚಿಮಕ್ಕೆ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಪಳ್ಳಿಕರಣೆಯ ಜವುಗುಭೂಮಿ. ಎರಡು ನೀರುಗಳ ನಡುವೆ ಇರುವ ಈ ಊರಿನ ಗಾಳಿ ವರ್ಷದ ಬಹುಪಾಲು ತೇವವನ್ನು ಹೊತ್ತೇ ಬೀಸುತ್ತದೆ. ಇಂಥ ಕಡೆ ಅಂಟು ಒಣಗುವ ಭಯವೇತಕ್ಕೆ ಎಂದು ಹೊಸಬರು ಕೇಳಬಹುದು. ಅದಕ್ಕೆ ಮೇ ತಿಂಗಳ ಕತ್ತರಿಬಿಸಿಲಿನ ದಿನಗಳೇ ಉತ್ತರ ಹೇಳುತ್ತವೆ. ಆ ಕಾಲದಲ್ಲಿ ಬೆಳಗಿನಿಂದ ನಡುಹಗಲಿನವರೆಗೆ ನೆಲದ ಕಡೆಯಿಂದ ಬರುವ ಪಡುವಣ ಗಾಳಿ ಒಣಗಿ ಕಾದಿರುತ್ತದೆ. ಮಧ್ಯಾಹ್ನದ ಮೇಲೆ ಎಂದೋ ಕಡಲಗಾಳಿ ಒಳನುಗ್ಗಿದೊಡನೆ ಕೋಣೆಯ ಹವೆ ಒಮ್ಮೆಲೇ ತೇವವಾಗುತ್ತದೆ. ಒಂದೇ ಹಗಲಿನೊಳಗೆ ಎರಡು ಋತುಗಳು. ಬೆಳಗ್ಗೆ ಹಚ್ಚಿದ ಅಂಟು ಹಲಗೆ ಜೋಡಿಸುವಷ್ಟರಲ್ಲಿ ಪೊರೆಗಟ್ಟುತ್ತದೆ, ಸಂಜೆ ಹಚ್ಚಿದ್ದು ಕ್ಲಾಂಪಿನಡಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಸಿಯಾಗಿಯೇ ಇರುತ್ತದೆ. ಐಪ್ಪಸಿ ಕಾರ್ತಿಗೈ ತಿಂಗಳುಗಳ ಈಶಾನ್ಯ ಮಾರುತದ ಮಳೆಯಲ್ಲಂತೂ ಒಂದು ಸಾಮಾನ್ಯ ಕೂಡಿಕೆಯನ್ನು ಇಡೀ ರಾತ್ರಿ ಬಿಗಿದಿಟ್ಟು ಮಾರನೆಯ ದಿನ ಬಿಚ್ಚುವುದೇ ಕ್ಷೇಮ.

ನಾವು ದಿನವೂ ಬಳಸುವ ಬಿಳಿಯ ಅಂಟಿನಲ್ಲಿ ಹೆಚ್ಚುಕಡಿಮೆ ಅರ್ಧಪಾಲು ನೀರೇ. ಉಳಿದರ್ಧ ಪಾಲಿವಿನೈಲ್ ಅಸಿಟೇಟ್ ಎಂಬ ರಾಳದ ಕಣಗಳು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಆಸುಪಾಸಿನ ಗಾತ್ರದ ಈ ಕಣಗಳು ನೀರಿನಲ್ಲಿ ಕರಗದೆ ತೇಲಿಕೊಂಡಿರುವುದರಿಂದಲೇ ಅಂಟಿಗೆ ಆ ಹಾಲುಬಣ್ಣ. ಜರ್ಮನಿಯ ಫ್ರಿಟ್ಸ್ ಕ್ಲಾಟೆ 1912ರಲ್ಲಿ ಕಂಡುಹಿಡಿದ ಈ ವಸ್ತು ನಮ್ಮ ದೇಶದ ಬಡಗಿಗಳ ಕೈಗೆ ವ್ಯಾಪಕವಾಗಿ ಬಂದದ್ದು, ಗುಜರಾತಿನ ಮಹುವಾದಲ್ಲಿ ಹುಟ್ಟಿದ ಬಲವಂತರಾಯ್ ಪಾರೇಖರು 1959ರಲ್ಲಿ ಮುಂಬಯಿಯಲ್ಲಿ ಫೆವಿಕಾಲ್ ತಯಾರಿಸಲು ತೊಡಗಿದ ಮೇಲೆ. ನೀರು ಇರುವವರೆಗೆ ಕಣಗಳು ಬೇರೆಬೇರೆ. ನೀರು ತೊಲಗಿತೆಂದರೆ ಅವು ಒಂದನ್ನೊಂದು ಒತ್ತಿ, ಬೆಸೆದು, ಪಾರದರ್ಶಕವಾದ ಒಂದೇ ಪೊರೆಯಾಗುತ್ತವೆ. ಆ ಪೊರೆ ಮರಳಿ ಹಾಲಾಗುವುದಿಲ್ಲ. ಕೂಡಿಕೆಯಲ್ಲಿ ಈ ನೀರನ್ನು ಮರ ಕುಡಿಯುತ್ತದೆ, ಸೀಸೆಯ ಬಾಯಲ್ಲಿ ಗಾಳಿ ಕುಡಿಯುತ್ತದೆ. ಮೊದಲನೆಯದನ್ನು ನಾವು ಬೇಡಿಕೊಳ್ಳುತ್ತೇವೆ, ಎರಡನೆಯದನ್ನು ತಡೆಯಬೇಕು. ಕ್ರಿಯೆ ಮಾತ್ರ ಎರಡು ಕಡೆಯೂ ಒಂದೇ ಆದುದರಿಂದ, ಬಾಯಲ್ಲಿ ಗಟ್ಟಿಯಾದ ಅಂಟನ್ನು ಕಂಡು ಸರಕು ಕಳಪೆಯೆಂದು ದೂರುವವರು ಅದರ ಗುಣವನ್ನೇ ದೋಷವೆಂದು ಎಣಿಸಿದಂತಾಗುತ್ತದೆ.

ಈ ಕಟ್ಟುವಿಕೆ ನಡೆಯುವ ಕ್ರಮವನ್ನು ಹತ್ತಿರದಿಂದ ನೋಡತಕ್ಕದ್ದು. ಹಲಗೆಯ ಅಂಚಿಗೆ ಅಂಟಿನ ಗೆರೆ ಎಳೆದು ಸೀಸೆಯ ಮೇಲಿನ ಹಿಡಿತವನ್ನು ಸಡಿಲಿಸಿದ ಕ್ಷಣದಲ್ಲಿ, ಅಮುಕಿಸಿಕೊಂಡಿದ್ದ ಪ್ಲಾಸ್ಟಿಕ್ ಮೊದಲಿನ ಆಕಾರಕ್ಕೆ ಮರಳುತ್ತ ಹೊರಗಿನ ಗಾಳಿಯನ್ನು ಮೂತಿಯೊಳಗಿಂದಲೇ ಒಳಕ್ಕೆ ಸೆಳೆದುಕೊಳ್ಳುತ್ತದೆ. ಅಂಟು ಹಿಂದೆ ಸರಿಯುತ್ತದೆ. ಆದರೆ ಮೂತಿಯ ಒಳಗೋಡೆಗೆ ಒಂದು ತೆಳ್ಳನೆಯ ಲೇಪವನ್ನೂ ತುದಿಯಲ್ಲಿ ಒಂದು ಹನಿಯನ್ನೂ ಬಿಟ್ಟುಹೋಗುತ್ತದೆ. ಬಿಸಿಹಾಲಿನ ಮೇಲೆ ಕೆನೆ ಕಟ್ಟುವಂತೆ ಆ ಹನಿಯ ಮೈಮೇಲೆ ಮೊದಲು ಒಂದು ಪೊರೆ ಏಳುತ್ತದೆ. ಮಾರನೆಯ ದಿನ ಅದನ್ನು ಒಡೆದು ಮತ್ತೆ ಅಮುಕಿದರೆ ಹಳೆಯ ಲೇಪದ ಮೇಲೆ ಹೊಸ ಲೇಪ ಕೂರುತ್ತದೆ. ಮರದ ಕಾಂಡದಲ್ಲಿ ವರ್ಷಕ್ಕೊಂದು ಬಳೆ ಮೂಡಿದರೆ ಇಲ್ಲಿ ದಿನಕ್ಕೊಂದು ಪದರ, ಅದೂ ಹೊರಗಿನಿಂದ ಒಳಕ್ಕೆ. ಹೀಗೆ ರಂಧ್ರ ಕಿರಿದಾಗುತ್ತ ಆಗುತ್ತ, ಕೊನೆಗೊಂದು ದಿನ ಎಷ್ಟು ಅಮುಕಿದರೂ ಹೊರಬಾರದ ಅಂಟು ಮೂತಿಯ ಬುಡದ ತಿರುಪಿನಿಂದ ಚಿಮ್ಮಿ ಕೈಗೂ ಅಂಗಿಗೂ ಬೀಳುತ್ತದೆ. ಹಲಗೆಗಳೆಲ್ಲ ಅಣಿಯಾಗಿ, ಕ್ಲಾಂಪುಗಳು ತೆರೆದು ನಿಂತು, ಅಂಟಿನ ಹಸಿತನದ ಹತ್ತೇ ನಿಮಿಷದೊಳಗೆ ಎಲ್ಲವೂ ಮುಗಿಯಬೇಕಾದ ಹೊತ್ತಿನಲ್ಲಿಯೇ ಇದು ನಡೆಯುವುದು. ಏಕೆಂದರೆ ಸೀಸೆಯನ್ನು ನಾವು ಕೈಗೆತ್ತಿಕೊಳ್ಳುವುದೇ ಆ ಹೊತ್ತಿಗೆ.

ಪರಿಹಾರದ ವಿಷಯದಲ್ಲಿ ಎರಡು ಸಂಪ್ರದಾಯಗಳುಂಟು, ಎರಡೂ ಒಂದಕ್ಕೊಂದು ವಿರುದ್ಧ. ಮೊದಲನೆಯದು ಸೀಸೆಯನ್ನು ನೆಟ್ಟಗೆ ನಿಲ್ಲಿಸುವುದು. ಕೆಲಸ ಮುಗಿದೊಡನೆ ಅದರ ಬುಡವನ್ನು ಮೇಜಿಗೆ ಮೆಲ್ಲನೆ ಕುಟ್ಟಿ, ಮೂತಿಯಲ್ಲಿದ್ದ ಅಂಟೆಲ್ಲ ಕೆಳಗಿಳಿಯುವಂತೆ ಮಾಡಿ, ತುದಿಯನ್ನು ಒದ್ದೆಬಟ್ಟೆಯಿಂದ ಒರೆಸಿ ಮುಚ್ಚಳ ಹಾಕುವುದು: ಮೂತಿ ಬರಿದಾದರೆ ಅಲ್ಲಿ ಒಣಗಲು ಏನೂ ಇರುವುದಿಲ್ಲವೆಂಬುದು ಈ ಪಕ್ಷದ ವಾದ. ಎರಡನೆಯದು ಸೀಸೆಯನ್ನು ತಲೆಕೆಳಗಾಗಿ ಇಡುವುದು: ಮೂತಿ ಅಂಟಿನಿಂದ ಸದಾ ತುಂಬಿರುವುದರಿಂದ ಗಾಳಿಗೆ ಅಲ್ಲಿ ಎಡೆಯೇ ಇಲ್ಲ, ಹೊರತುದಿಯೊಂದನ್ನು ತೇವದಲ್ಲಿ ಇರಿಸಿದರೆ ಸಾಕು. ಇದಕ್ಕೆ ಒಂದು ಹಳೆಯ ಡಬ್ಬಿಯ ತಳದಲ್ಲಿ ಒದ್ದೆ ಸ್ಪಂಜನ್ನು ಹಾಸಿ ಸೀಸೆಯ ಮೂತಿಯನ್ನು ಅದರ ಮೇಲೆ ಊರುವುದು ವಾಡಿಕೆ. ದಿನವೂ ಕೈಯಾಡುವ ಸೀಸೆಗೆ ನಾನು ಈ ಎರಡನೆಯದನ್ನೇ ಮೆಚ್ಚುತ್ತೇನೆ. ಕೈಗೆತ್ತಿಕೊಂಡ ಕ್ಷಣಕ್ಕೇ ಅಂಟು ಇಳಿಯುವುದೂ ಅದರ ಒಂದು ಸೌಕರ್ಯ. ಆದರೆ ಊರಿಗೆ ಹೋಗುವಾಗ, ಇಲ್ಲವೆ ವಾರಗಟ್ಟಲೆ ಕೆಲಸವಿಲ್ಲದಾಗ, ತಲೆಕೆಳಗಾದ ಸೀಸೆಯ ಸ್ಪಂಜು ಒಣಗಿ ಮೂತಿಯ ಜೊತೆಗೇ ಕಚ್ಚಿಕೊಳ್ಳುತ್ತದೆ. ಆಗ ಮೂತಿಯನ್ನೇ ತಿರುಪಿ ತೆಗೆದು ತೊಳೆದಿಟ್ಟು, ಸೀಸೆಯ ಅಗಲಬಾಯಿಗೆ ಒಂದು ಪ್ಲಾಸ್ಟಿಕ್ ಹಾಳೆಯ ತುಂಡನ್ನು ಬಿಗಿಯಾಗಿ ಹೊದಿಸಿ, ಅದರ ಮೇಲೆ ಮುಚ್ಚಳ ತಿರುಗಿಸಿ ನೆಟ್ಟಗೆ ನಿಲ್ಲಿಸತಕ್ಕದ್ದು. ಪೆರುಂಗುಡಿಯ ಹವೆಯಲ್ಲಿ ಸ್ಪಂಜಿಗೆ ಇನ್ನೊಂದು ಕೆಡುಕೂ ಉಂಟು. ನೀರು ಬದಲಿಸದೆ ಬಿಟ್ಟರೆ ಅದು ಬೂಷ್ಟು ಹಿಡಿದು ಕಪ್ಪಾಗಿ, ಆ ಬೂಷ್ಟು ಅಂಟಿನ ಗೆರೆಯೊಡನೆ ಬಿಳಿಯ ಮರದ ಮೇಲೆ ಇಳಿಯುತ್ತದೆ.

ಮೂತಿಗೆ ಬೆಣೆ ಹಾಕುವವರು ಬಹಳ. ಕೈಗೆ ಸಿಕ್ಕಿದ ಕಬ್ಬಿಣದ ಮೊಳೆಯನ್ನು ರಂಧ್ರದಲ್ಲಿ ತುರುಕಿಬಿಡುವುದು ನಮ್ಮ ಕೆಲಸಗಾರರಲ್ಲಿ ಸರ್ವಸಾಧಾರಣ. ನನ್ನ ಮಾತು ಕೇಳುವುದಾದರೆ, ಈ ಅಭ್ಯಾಸವನ್ನು ಇಂದೇ ಕೈಬಿಡಬೇಕು. ಅಂಟಿನಲ್ಲಿ ತುಸು ಹುಳಿಯ ಅಂಶವಿರುವುದರಿಂದ ಮೊಳೆ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಬೆರೆತ ಅಂಟು ಕರಿಜಾಲಿಯಂಥ ಒಗರಿನ ಮರಕ್ಕೆ ತಗುಲಿತೆಂದರೆ, ಮರದ ಒಗರೂ ಕಬ್ಬಿಣವೂ ಕೂಡಿ ನೀಲಿಗಪ್ಪು ಕಲೆಯಾಗುತ್ತದೆ. ನಮ್ಮ ಹಿರಿಯರು ಅಣಲೆಕಾಯಿಗೆ ಅನ್ನಭೇದಿ ಬೆರೆಸಿ ಮಸಿ ಕಾಯಿಸುತ್ತಿದ್ದರಲ್ಲ, ಅದೇ ರಸಾಯನ. ಕಾಗದದ ಮೇಲೆ ನೂರಾರು ವರ್ಷ ಅಳಿಯದ ಆ ಮಸಿ ಮರದ ಮೇಲೂ ಅಳಿಯುವುದಿಲ್ಲ, ಉಜ್ಜುಕಾಗದಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಹಿತ್ತಾಳೆಯ ತಿರುಪುಮೊಳೆಯಾದರೆ ಆಗಬಹುದು. ತುಕ್ಕುರಹಿತ ಉಕ್ಕಿನದಾದರೆ ಎಲ್ಲಕ್ಕಿಂತ ಉತ್ತಮ. ಎರಡೂ ಇಲ್ಲದ ಪಕ್ಷದಲ್ಲಿ ಬಿದಿರಿನ ಕಡ್ಡಿಯಾದರೂ ಸರಿ. ಮೂತಿಯ ತಿರುಪಿಗೆ ಕೊಬ್ಬರಿ ಎಣ್ಣೆಯನ್ನೋ ಮೇಣದ ಬತ್ತಿಯನ್ನೋ ಸವರುವ ಉಪಾಯವನ್ನೂ ಕೇಳಿದ್ದೇನೆ. ಮುಚ್ಚಳವೇನೋ ಅದರಿಂದ ಸಲೀಸಾಗಿ ತಿರುಗುತ್ತದೆ. ಆದರೆ ಆ ಜಿಡ್ಡಿನ ಒಂದು ಲವಲೇಶ ಕೂಡಿಕೆಗೆ ಇಳಿದರೂ ಅಲ್ಲಿ ಅಂಟು ಮರಕ್ಕೆ ಕಚ್ಚುವುದಿಲ್ಲ, ಮೇಲೆ ಹಚ್ಚಿದ ಪಾಲಿಶು ನಿಲ್ಲುವುದಿಲ್ಲ.

ಈ ಬೀದಿಗಳ ಹೊಸ ಮನೆಗಳಿಗೆ ಕಪಾಟು, ಬಾಗಿಲು ಕೂರಿಸಲು ಬರುವ ಬಡಗಿಗಳಲ್ಲಿ ಡೆಂಕಣಿಕೋಟೆಯ ಕಡೆಯ ಆಚಾರ್ಯರೊಬ್ಬರಿದ್ದಾರೆ. ಹೊಸೂರು ಸೀಮೆಯವರಾದ ಕಾರಣ ಮನೆಮಾತು ಕನ್ನಡ. ಯಜಮಾನರೊಡನೆ ತಮಿಳು, ನನ್ನೊಡನೆ ಕನ್ನಡ. ಅವರ ಅಂಟು ಐದು ಕಿಲೋ ಬಕೆಟ್ಟಿನಲ್ಲಿ ಬರುತ್ತದೆ. ಬಕೆಟ್ಟನ್ನು ಅವರು ಕೆಲಸದ ನಡುವೆ ಎಂದೂ ತೆರೆದಿಡುವುದಿಲ್ಲ. ದಿನಕ್ಕೆ ಬೇಕಾದಷ್ಟನ್ನು ಬೆಳಗ್ಗೆಯೇ ನೀರಿನ ಹಳೆಯ ಪ್ಲಾಸ್ಟಿಕ್ ಬಾಟಲಿಯೊಂದಕ್ಕೆ ಬಸಿದುಕೊಂಡು, ಬಕೆಟ್ಟಿನಲ್ಲಿ ಉಳಿದ ಅಂಟಿನ ಮೈಗೆ ತಾಗುವಂತೆಯೇ ಒಂದು ಪ್ಲಾಸ್ಟಿಕ್ ಹಾಳೆಯನ್ನು ಒತ್ತಿ ಹಾಸಿ, ಗಾಳಿಗೆ ಎಡೆಯಿಲ್ಲದಂತೆ ಮಾಡಿ, ಅದರ ಮೇಲೆ ಮುಚ್ಚಳ ಬಿಗಿಯುತ್ತಾರೆ. ಕೆಳಗಿನ ನೆರಳಿನ ಮೂಲೆಯೇ ಬಕೆಟ್ಟಿನ ಸ್ಥಾನ. ತಗಡಿನ ಸೂರಿನಡಿಯ ಅಟ್ಟದ ಮೇಲಲ್ಲ. ಅವರು ಕೆಲಸ ಮಾಡುವ ಕಡೆ ಫ್ಯಾನು ಮನುಷ್ಯರ ಕಡೆಗೆ ತಿರುಗಿರುತ್ತದೆಯೇ ಹೊರತು ಅಂಟು ಹಚ್ಚುವ ಮೇಜಿನ ಕಡೆಗೆ ತಿರುಗಿರುವುದಿಲ್ಲ. ಸಂಜೆ ಕೈಕಾಲು ತೊಳೆಯುವ ಮೊದಲು ಬಾಟಲಿಯ ಬಾಯಿ ತೊಳೆಯುತ್ತಾರೆ. ಒಮ್ಮೆ ಇದನ್ನು ನೋಡುತ್ತ, "ಇದೆಲ್ಲ ಯಾರು ಕಲಿಸಿದರು, ಆಚಾರ್ರೇ?" ಎಂದು ಕೇಳಿದೆ. "ಯಾರು ಕಲಿಸ್ತಾರೆ ಸಾರ್! ನಮ್ಮಪ್ಪನ ಕಾಲದಲ್ಲಿ ವಜ್ರಾನ ಒಣಗಿಸಿ ಇಡ್ತಿದ್ರು. ಈಗಿಂದನ್ನ ಒಣಗಕ್ಕೆ ಬಿಡ್ದೆ ಇಡ್ಬೇಕು. ಅಷ್ಟೇ ವ್ಯತ್ಯಾಸ," ಎಂದರು.

ಅಷ್ಟೇ ವ್ಯತ್ಯಾಸವೆಂದು ಅವರು ಹೇಳಿದ್ದು ನಾನು ಅಂಟಿನ ವಿಷಯದಲ್ಲಿ ಕೇಳಿದ ಅತ್ಯಂತ ಸಾರವತ್ತಾದ ಮಾತು. ಪ್ರಾಣಿಗಳ ತೊಗಲು ಮೂಳೆಗಳನ್ನು ಬೇಯಿಸಿ, ಸೋಸಿ, ಒಣಗಿಸಿದ ಮರವಜ್ರ ಅಂಗಡಿಯಿಂದ ಬರುತ್ತಿದ್ದುದೇ ಕಂದುಬಣ್ಣದ ಗಟ್ಟಿ ಬಿಲ್ಲೆಗಳಾಗಿ. ತೇವ ಸೋಕದಂತೆ ಇಟ್ಟರೆ ಅದು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬೇಕಾದಷ್ಟನ್ನು ಒಡೆದು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ, ಬೆಳಗ್ಗೆ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಹದವಾಗಿ ಕಾಯಿಸುತ್ತಿದ್ದರು. ನೇರ ಉರಿ ತಗುಲಿ ಕುದಿಯಿತೆಂದರೆ ಅದರ ಬಲವೇ ಹೋಗುತ್ತಿತ್ತು. ಅದರ ನಾತವನ್ನು ಸಹಿಸುವುದೂ ಕಸುಬಿನ ಒಂದು ಭಾಗವಾಗಿತ್ತು. ಬಿಸಿಯಿರುವಾಗ ಹಚ್ಚಬೇಕು, ಆರುವಷ್ಟರಲ್ಲಿ ಕೂಡಿಸಬೇಕು. ಪಾತ್ರೆಯಲ್ಲಿ ಉಳಿದದ್ದು ಹೆಪ್ಪುಗಟ್ಟಿದರೂ ಮತ್ತೆ ಕಾಯಿಸಿದರೆ ಕರಗುತ್ತಿತ್ತು. ಕೂಡಿಕೆಯೂ ಹಾಗೆಯೇ: ಬಿಸಿನೀರು, ಹಬೆ ತಾಗಿಸಿದರೆ ಬಿಡುತ್ತಿತ್ತು, ಆದುದರಿಂದಲೇ ವಾದ್ಯಗಳನ್ನು ರಿಪೇರಿ ಮಾಡುವವರಲ್ಲಿ ಅನೇಕರು ಇಂದಿಗೂ ಅದನ್ನು ಬಿಟ್ಟಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಬೊಂಬೆಗಳ ಕೈಕಾಲು ಜೋಡಿಸಲು ಬಳಸುವ ಹುಣಿಸೆಬೀಜದ ಅಂಟಿನ ಕಥೆಯೂ ಇದೇ. ಬೀಜ ಒಣಗಿರುವಾಗ ಕಾಪಾಡುವ ಕಷ್ಟವಿಲ್ಲ, ಅರೆದು ಬೇಯಿಸಿದ ಮೇಲೆ ಇಡುವ ಪ್ರಶ್ನೆಯಿಲ್ಲ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಎಳೆಯ ತೂಬರೆಕಾಯಿ, ಬೇಲದಕಾಯಿ, ಬೂರುಗದ ಹೂ ಮೊದಲಾದುವನ್ನು ಒಂದು ದ್ರೋಣ ನೀರಿನಲ್ಲಿ ಎಂಟನೆಯ ಒಂದು ಪಾಲಿಗೆ ಇಳಿಯುವವರೆಗೆ ಕಾಯಿಸಿ, ಗುಗ್ಗುಳ, ರಾಳ, ಅಗಸೆ, ಬಿಲ್ವ ಇತ್ಯಾದಿಗಳನ್ನು ಸೇರಿಸಬೇಕೆಂದೂ, ದೇವಾಲಯದ ಗೋಡೆಗೂ ಮೂರ್ತಿಗಳಿಗೂ ಅದನ್ನು ಬಿಸಿಯಾಗಿ ಲೇಪಿಸಬೇಕೆಂದೂ ವಿಧಿಸಿದ್ದಾನೆ. ಅಲ್ಲಿಯೂ ಲೇಪ ಅಂದಂದಿನದು.

ಆ ಅಂಟುಗಳ ಶ್ರಮವೆಲ್ಲ ಕೆಲಸದ ಮೊದಲೇ ಮುಗಿಯುತ್ತಿತ್ತು: ನೆನೆಹಾಕುವುದು, ಕಾಯಿಸುವುದು, ಹದ ನೋಡುವುದು. ಹೊಸ ಅಂಟು ಆ ಶ್ರಮವನ್ನೆಲ್ಲ ತೆಗೆದುಹಾಕಿತು. ಮುಚ್ಚಳ ತಿರುಗಿಸಿದರೆ ಸಿದ್ಧ. ಬಡಗಿಯ ಬೆಳಗಿನ ಹೊತ್ತನ್ನು ಉಳಿಸಿದ್ದಕ್ಕೂ ಅವನ ಶ್ವಾಸಕ್ಕೆ ಬಿಡುಗಡೆ ಕೊಟ್ಟದ್ದಕ್ಕೂ ಅದಕ್ಕೆ ನಾವು ಋಣಿಗಳೇ. ಆದರೆ ಅದು ಕೇಳುವ ಶ್ರಮ ಕೆಲಸದ ಕೊನೆಗೆ ಬಂದು ನಿಂತಿದೆ, ಅದೂ ದೇಹ ದಣಿದು, ಕ್ಲಾಂಪು ಬಿಗಿದ ತೃಪ್ತಿಯಲ್ಲಿ ಮನಸ್ಸು ಮನೆಯ ಕಡೆಗೆ ತಿರುಗಿದ ಹೊತ್ತಿಗೆ. ನಮ್ಮ ಕೋಣೆಗಳಲ್ಲಿ ಸೀಸೆಗಳ ಬಾಯಿ ಕಟ್ಟುವುದಕ್ಕೆ ಅಜ್ಞಾನಕ್ಕಿಂತಲೂ ಈ ಹೊತ್ತೇ ಹೆಚ್ಚಿನ ಕಾರಣವೆಂದು ನಾನು ನಂಬಿದ್ದೇನೆ. ಆದುದರಿಂದ ಒದ್ದೆಬಟ್ಟೆಯನ್ನು ಕೊನೆಯಲ್ಲಿ ಹುಡುಕಬಾರದು. ಅಂಟಿನ ಸೀಸೆಯನ್ನು ಕೈಗೆತ್ತಿಕೊಳ್ಳುವಾಗಲೇ ಒಂದು ತಂಬಿಗೆ ನೀರನ್ನೂ ಬಟ್ಟೆಯ ತುಂಡನ್ನೂ ಪಕ್ಕಕ್ಕೆ ತಂದಿಟ್ಟುಕೊಳ್ಳಬೇಕು. ಕೂಡಿಕೆಯಿಂದ ಉಕ್ಕಿಬಂದ ಅಂಟನ್ನು ಒರೆಸಲು ಹೇಗೂ ಅದು ಬೇಕು. ಒರೆಸಿದ ಕೈಯೇ ಸೀಸೆಯ ಬಾಯಿಗೂ ಹೋಗುತ್ತದೆ.

ಇಷ್ಟಾದರೂ ಬಾಯಿ ಕಟ್ಟಿಕೊಂಡಿತೆನ್ನಿ. ಮೊಳೆಯಿಂದ ಕೆರೆದು ಕುತ್ತುವ ಅಗತ್ಯವಿಲ್ಲ. ಸೀಸೆಯೂ ಮೂತಿಯೂ ಪಾಲಿಥೀನಿನವು. ಈ ಅಂಟು ಮರವನ್ನು ಹಿಡಿದಂತೆ ಪಾಲಿಥೀನನ್ನು ಹಿಡಿಯಲಾರದು. ಮೂತಿಯನ್ನು ಬಿಚ್ಚಿ ಬಿಸಿನೀರಿನಲ್ಲಿ ಒಂದಷ್ಟು ಹೊತ್ತು ಮುಳುಗಿಸಿಟ್ಟರೆ, ಗಾಜಿನಂತಿದ್ದ ಗಡ್ಡೆ ನೀರು ಹೀರಿ ಮತ್ತೆ ಬೆಳ್ಳಗಾಗಿ, ರಬ್ಬರಿನಂತೆ ಮೆತ್ತಗಾಗುತ್ತದೆ. ಆಗ ಬಿದಿರುಕಡ್ಡಿಯ ತುದಿಯಿಂದ ಬುಡದ ಕಡೆಯಿಂದ ಒತ್ತಿದರೆ, ಮೂತಿಯ ಒಳ ಆಕಾರವನ್ನೇ ತಳೆದ ಒಂದು ಉದ್ದನೆಯ ಬೆಣೆ ಇಡಿಯಾಗಿ ಕಳಚಿ ಹೊರಬರುತ್ತದೆ. ದಿನದಿನದ ಪದರಗಳನ್ನು ಅದರ ಅಡ್ಡಕೊಯ್ತದಲ್ಲಿ ಕಾಣಬಹುದು. ನೀರನ್ನು ತಡೆಯುವ ಮೆರೈನ್ ಜಾತಿಯ ಅಂಟಿಗೆ ಈ ಉಪಚಾರ ನಡೆಯದು. ಅದು ಒಣಗುವಾಗ ಅದರ ಎಳೆಗಳು ಪರಸ್ಪರ ಹೆಣೆದುಕೊಳ್ಳುವುದರಿಂದ ನೀರಿಗೆ ಮೆತ್ತಗಾಗುವುದಿಲ್ಲ. ಹಾಗಾಗಿ ಅದರ ಮೂತಿಯನ್ನು ಅಂದೇ ತೊಳೆಯುವುದು ಅನಿವಾರ್ಯ. ಇನ್ನು ಒಳಗಿನ ಅಂಟು ದಪ್ಪಗಾದಾಗ ನೀರು ಬೆರೆಸುವವರು ಕೈ ಬಿಗಿಹಿಡಿಯಬೇಕು: ನೂರಕ್ಕೆ ಐದು ಪಾಲಿಗೆ ಮೀರಿದರೆ ಕೂಡಿಕೆಯ ಬಲ ಕುಗ್ಗುತ್ತದೆ. ಒಡೆದ ಹಾಲಿನ ಹಾಗೆ ಗಂಟುಗಂಟಾದದ್ದನ್ನು ಚೆಲ್ಲುವುದೇ ಸರಿ. ದೊಡ್ಡ ಡಬ್ಬದಲ್ಲಿ ಅಗ್ಗವೆಂದು ಕೊಂಡು ಅದರ ಅರ್ಧವನ್ನು ಹೀಗೆ ಚೆಲ್ಲುವ ಬದಲು ಹವ್ಯಾಸಿಗಳು ಚಿಕ್ಕ ಸೀಸೆಯನ್ನೇ ಕೊಳ್ಳುವುದು ಲೇಸು.

ಕ್ಷಣದಲ್ಲಿ ಹಿಡಿಯುವ ಫೆವಿಕ್ವಿಕ್ಕಿನಂಥ ಅಂಟಿನ ವಿಷಯ ಬೇರೆ, ಮೇಲಿನ ನಿಯಮಗಳೆಲ್ಲ ಅಲ್ಲಿ ತಿರುಗುಮುರುಗು. 1942ರಲ್ಲಿ ಅಮೆರಿಕದ ಹ್ಯಾರಿ ಕೂವರ್ ಬಂದೂಕಿನ ಗುರಿದರ್ಶಕಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಎದುರಾಗಿ, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಆಗ ಕೈಬಿಟ್ಟ ವಸ್ತು ಅದು. ಅಂಗಡಿಗೆ ಬಂದದ್ದು 1958ರಲ್ಲಿ. ಅದು ನೀರು ಹೋಗುವುದರಿಂದ ಗಟ್ಟಿಯಾಗುವುದಲ್ಲ, ಗಾಳಿಯಲ್ಲಿರುವ ತೇವ ಬರುವುದರಿಂದ ಗಟ್ಟಿಯಾಗತಕ್ಕದ್ದು. ಅಂದಮೇಲೆ ಬಿಳಿಯ ಅಂಟಿಗೆ ಮಿತ್ರವಾದ ಪೆರುಂಗುಡಿಯ ಮಳೆಗಾಲ ಇದಕ್ಕೆ ಶತ್ರು. ಒದ್ದೆಬಟ್ಟೆಯನ್ನು ಅದರ ಬಾಯಿಯ ಹತ್ತಿರ ತರಲೇಬಾರದು, ಒಣಬಟ್ಟೆಯಿಂದ ಒರೆಸಿ ಕೂಡಲೇ ಮುಚ್ಚಬೇಕು. ತೆರೆದ ಸೀಸೆಯನ್ನು, ಔಷಧಿಯ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಡನೆ, ಬಿಗಿಮುಚ್ಚಳದ ಗಾಜಿನ ಭರಣಿಯಲ್ಲಿ ಇಡುವುದು ಒಳ್ಳೆಯದು. ತೆರೆಯದ ಸೀಸೆಗಳನ್ನು ಶೈತ್ಯಪೆಟ್ಟಿಗೆಯಲ್ಲಿ ಇಟ್ಟರೆ ಬಹಳ ಕಾಲ ಬಾಳುತ್ತವೆ, ಮನೆಯಲ್ಲಿ ಅದಕ್ಕೆ ಒಪ್ಪಿಗೆ ದೊರೆತ ಪಕ್ಷದಲ್ಲಿ. ಆದರೆ ಹೊರತೆಗೆದೊಡನೆ ಅದರ ಮುಚ್ಚಳ ತೆರೆಯಬಾರದು. ತಣ್ಣಗಿರುವ ಸೀಸೆಯ ಮೇಲೆ ಈ ಊರಿನ ಗಾಳಿ ನೋಡನೋಡುತ್ತಿದ್ದಂತೆ ಬೆವರಿನ ಹನಿ ಕೂರಿಸುತ್ತದೆ. ಬಾಯಿ ತೆರೆದಿದ್ದರೆ ಆ ಹನಿ ಒಳಕ್ಕೂ ಇಳಿಯುತ್ತದೆ. ಒಂದು ಗಂಟೆ ಮೇಜಿನ ಮೇಲಿಟ್ಟು, ಕೋಣೆಯ ಶಾಖಕ್ಕೆ ಬಂದ ಮೇಲೆ ಮೈಯನ್ನು ಚೆನ್ನಾಗಿ ಒರೆಸಿ, ಆಮೇಲೆ ತೆರೆಯತಕ್ಕದ್ದು.